ಹೆಸರಿನ ಮುಂದಿನ ಎರಡಕ್ಷರ

ಹೈದರಾಬಾದಿನಲ್ಲಿ ಯಾರದಾದರೂ ಹೊಸ ಪರಿಚಯವಾದರೆ ಹೆಸರು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ, "ಮೀ ಇಂಟಿಪೇರು ಏಂಟಂಡಿ?" ಇಂಟಿಪೇರು ಎಂದರೆ ಗೇಟಿನ ಕಲ್ಲಿನ ಮೇಲೆ ಕೆತ್ತಿಸುವ ಹೆಸರಲ್ಲ, ಮನೆತನದ ಹೆಸರು. ತೆಲುಗರು ಅದನ್ನು ತಮ್ಮ ಸ್ವಂತ ಹೆಸರಿಗಿಂತ ಮೊದಲು ಇಟ್ಟುಕೊಳ್ಳುತ್ತಾರೆ. ಅವರ ದೊಡ್ಡ ಕವಿ ಶ್ರೀಶ್ರೀ ಇದ್ದರಲ್ಲ, ಅವರ ಪೂರ್ತಿ ಹೆಸರು ಶ್ರೀರಂಗಂ ಶ್ರೀನಿವಾಸರಾವು. ಮೊದಲಿನ ಶ್ರೀ ಮನೆತನದ್ದು, ಎರಡನೆಯ ಶ್ರೀ ಅವರದ್ದು. ಇಂಟಿಪೇರು ಗೊತ್ತಾದರೆ ಸಾಕು, ಇಲ್ಲಿನವರು ಜಿಲ್ಲೆ, ನೆಂಟರು, ಯಾರ ಕಡೆಯವರು ಎಂಬುದನ್ನೆಲ್ಲ ಅಂದಾಜು ಮಾಡಿಬಿಡುತ್ತಾರೆ.

ನಮ್ಮ ಕಡೆ ಲೆಕ್ಕ ಬೇರೆ. ಹೆಸರಿನ ಮುಂದೆ ಎರಡಕ್ಷರ ಇರುತ್ತವೆ. ಮೊದಲನೆಯದು ಊರಿನದು, ಎರಡನೆಯದು ಅಪ್ಪನದು. ನನ್ನ ಊರು ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿ. ಹೆಸರಿನಲ್ಲೇ ದೊಡ್ಡ ಏರಿ ಇರುವ ಊರು. 1695ರಲ್ಲಿ ಮರಾಠಾ ಸೇನಾನಿ ಸಂತಾಜಿ ಘೋರ್ಪಡೆ ಮೊಘಲರ ಕಾಸಿಂ ಖಾನನನ್ನು ಮುತ್ತಿಗೆ ಹಾಕಿ ಹಣ್ಣು ಮಾಡಿದ್ದು ಇಲ್ಲೇ ಎಂದು ಚರಿತ್ರೆಯ ಪುಸ್ತಕದಲ್ಲಿದೆ. ನಮ್ಮಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಸುತ್ತಲಿನ ಹಳ್ಳಿಗಳಲ್ಲಿ 36 ವರ್ಷ ಪಾಠ ಹೇಳಿದವರು. ಹಾಜರಿ ಪುಸ್ತಕದಲ್ಲಿ ಅವರ ಚಿಕ್ಕ ಸಹಿ 'ದೊ.ತಿ.' ಎಂದು. ದೊ ಅಂದರೆ ದೊಡ್ಡೇರಿ, ತಿ ನನ್ನ ತಾತನ ಹೆಸರಿನ ಮೊದಲಕ್ಷರ. ಹುಡುಗರು ಬಿಡುತ್ತಾರೆಯೇ? ಪ್ಯಾಂಟು ಹಾಕಿಕೊಂಡು ಸೈಕಲ್ ತುಳಿದು ಬರುತ್ತಿದ್ದ ನಮ್ಮಪ್ಪ ಮೂರು ತಲೆಮಾರಿಗೆ 'ಧೋತಿ ಮೇಷ್ಟ್ರು' ಆಗಿಯೇ ಉಳಿದರು. ಅವರಿಗೂ ಅದರ ಬಗ್ಗೆ ಬೇಸರವಿರಲಿಲ್ಲ. "ಊರೂ ಅಪ್ಪನೂ ಸೇರಿ ಕೊಟ್ಟ ಪಂಚೆ, ಉಟ್ಟುಕೊಂಡರೆ ಏನಂತೆ" ಎನ್ನುತ್ತಿದ್ದರು.

ಊರಿನಲ್ಲಿರುವ ನಿಮಗೆ ಈ ತಾಪತ್ರಯ ಅಷ್ಟಾಗಿ ತಿಳಿಯಲಿಕ್ಕಿಲ್ಲ. ಹೊರಗೆ ಬಂದರೆ ಅರ್ಜಿಯಲ್ಲಿ ಎರಡು ಚೌಕಗಳು ಎದುರಾಗುತ್ತವೆ, ಫಸ್ಟ್ ನೇಮ್ ಮತ್ತು ಲಾಸ್ಟ್ ನೇಮ್. ಊರನ್ನು ಎಲ್ಲಿ ಹಾಕುವುದು? ಇನಿಷಿಯಲ್ ಹಾಕಿದರೆ "ಎಕ್ಸ್‌ಪ್ಯಾಂಡ್ ಮಾಡಿ" ಎನ್ನುತ್ತಾರೆ. ಎಕ್ಸ್‌ಪ್ಯಾಂಡ್ ಮಾಡಿದರೆ ಮೊದಲು ಬಂದದ್ದೇ ಫಸ್ಟ್ ನೇಮ್. ಹಾಗಾಗಿ ಒಂದು ವಿಮಾ ಕಂಪನಿಯಿಂದ ನನಗೆ ವರ್ಷಗಟ್ಟಲೆ "ಡಿಯರ್ ದೊಡ್ಡೇರಿ" ಎಂದೇ ಕಾಗದ ಬರುತ್ತಿತ್ತು. ಕಂತು ಕಟ್ಟದಿದ್ದರೆ ಇಡೀ ಊರಿಗೇ ನೋಟಿಸು. ಮುಂದೆ ಮಗಳು ಹುಟ್ಟಿದಾಗ ಜನನ ಪತ್ರದ ಅರ್ಜಿಯಲ್ಲೂ ಅವೇ ಎರಡು ಚೌಕ. ಒಂದರಲ್ಲಿ ಅವಳ ಹೆಸರು, ಇನ್ನೊಂದರಲ್ಲಿ ನನ್ನ ಹೆಸರು ಬರೆದೆವು. ಚೌಕ ಮುಗಿಯಿತು, ಊರು ಹೊರಗುಳಿಯಿತು.

ಆ ಮಗಳು 2023ರಲ್ಲಿ ಹನ್ನೊಂದನೇ ತರಗತಿಗೆ ಬಂದಳು. ಸಿಬಿಎಸ್‌ಇ ಪಠ್ಯ, ಕಂಪ್ಯೂಟರ್ ಸೈನ್ಸ್‌ನಲ್ಲಿ ಪೈಥಾನ್. ನನಗೆ ಕಂಪ್ಯೂಟರ್ ಎಂದರೆ ಟ್ಯಾಲಿ, ಜಿಎಸ್‌ಟಿ ರಿಟರ್ನು, ಅಷ್ಟೆ. ಔಷಧ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನಿಗೆ ಅದಕ್ಕಿಂತ ಹೆಚ್ಚು ಯಾಕೆ ಬೇಕು? ಆದರೂ ಮಗಳು ಓದುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಆಗ ಅವಳು ಮಾಡುತ್ತಿದ್ದ ಪಾಠದ ಹೆಸರು 'ಸ್ಟ್ರಿಂಗ್ಸ್'. ಸ್ಟ್ರಿಂಗ್ ಎಂದರೆ ದಾರ. ಅಕ್ಷರಗಳನ್ನು ಒಂದರ ಹಿಂದೆ ಒಂದು ಪೋಣಿಸಿದ ಸರ. ಹೆಸರು, ವಿಳಾಸ, ವಾಕ್ಯ, ಕಂಪ್ಯೂಟರಿಗೆ ಎಲ್ಲವೂ ಸರಗಳೇ. ಸರದ ಮಣಿಗಳನ್ನು ಅದು ಸೊನ್ನೆಯಿಂದ ಎಣಿಸುತ್ತದೆ. ಮೊದಲ ಮಣಿ ಸೊನ್ನೆ, ಎರಡನೆಯದು ಒಂದು, ಹೀಗೆ.

ಹೊಸದಾಗಿ ಕಲಿಯುವವರಿಗೆಲ್ಲ ಕೊಡುವ ಒಂದು ಲೆಕ್ಕವಿದೆ. ಪೂರ್ತಿ ಹೆಸರು ಕೊಟ್ಟರೆ ಇನಿಷಿಯಲ್ ಮಾಡಿ ತೋರಿಸಬೇಕು. ಉಪಾಯ ಸುಲಭ. ಖಾಲಿ ಜಾಗ ಇರುವ ಕಡೆಯೆಲ್ಲ ಹೆಸರನ್ನು ತುಂಡು ಮಾಡು, ಪ್ರತಿ ತುಂಡಿನಿಂದ ಸೊನ್ನೆಯ ಮಣಿಯನ್ನು ಎತ್ತಿಕೋ, ಎಲ್ಲವನ್ನೂ ಸೇರಿಸು. ಮೋಹನದಾಸ್ ಕರಮಚಂದ್ ಗಾಂಧಿ ಎಂದು ಇಂಗ್ಲಿಷಿನಲ್ಲಿ ಕೊಟ್ಟರೆ ಎಂ.ಕೆ.ಜಿ. ಬರುತ್ತದೆ. ಮೂರ್ನಾಲ್ಕು ಸಾಲಿನ ಕೆಲಸ. ಮಗಳು ಹತ್ತು ನಿಮಿಷದಲ್ಲಿ ಮುಗಿಸಿದಳು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವುದು ರೂಢಿ. ಆ ವರ್ಷವೂ ಡಿಸೆಂಬರಿನಲ್ಲಿ ಬಂದವರು ಸಂಕ್ರಾಂತಿ ಮುಗಿಸಿಯೇ ಹೋಗುವವರಿದ್ದರು. ಸೋಫಾದಲ್ಲಿ ಕೂತು ಎಲ್ಲ ನೋಡುತ್ತಿದ್ದವರು ಕೇಳಿದರು, "ಇದು ಇಂಗ್ಲಿಷ್ ಹೆಸರಿಗೆ ಮಾತ್ರಾನೋ, ಕನ್ನಡಕ್ಕೂ ಆಗ್ತದೋ?"

"ಆಗುತ್ತೆ ತಾತ, ಯಾವ ಭಾಷೆ ಆದರೂ ಆಗುತ್ತೆ. ಹೇಳಿ ಹೆಸರು."

ಮಗಳಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದು ಬರುತ್ತಿರಲಿಲ್ಲ. ಶಾಲೆಯಲ್ಲಿ ಎರಡನೇ ಭಾಷೆ ತೆಲುಗು. ಹಾಗಾಗಿ ಅಪ್ಪ ಹೇಳಿದ್ದನ್ನು ಟೈಪ್ ಮಾಡುವ ಕೆಲಸ ನನ್ನದಾಯಿತು. ಅಪ್ಪ ಮೊದಲಿಗೆ ಹೇಳಿದ್ದು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಉತ್ತರ ನಮಗೆ ಗೊತ್ತು, ನಾಡಿಗೇ ಗೊತ್ತು. ಯಂತ್ರ ಕೊಟ್ಟ ಉತ್ತರ: ಕವಪ.

"ಯಾರು ಅವನು ಕವಪ?" ಅಂದರು ಅಪ್ಪ.

ಮುಂದೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ತರಾಸು ಬರಬೇಕು, ತರಸ ಬಂತು. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯನವರು ತೀನಂಶ್ರೀ ಆಗುವ ಬದಲು ತನಶ ಆದರು. ಎಲ್ಲಕ್ಕಿಂತ ಕೊನೆಗೆ ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಅವರ ಹೆಸರು ಕೊಟ್ಟೆವು. ಪುತಿನ ಹೋಗಿ 'ಪತನ' ಎಂದು ತೆರೆಯ ಮೇಲೆ ಮೂಡಿತು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ "ನನ್ನದು ಹಾಕು" ಅಂದರು. ಊರು, ತಾತನ ಹೆಸರು ಎರಡನ್ನೂ ಬರೆದೆ. 'ದತ' ಎಂದು ಬಂತು. ಈ ಸಲ ಅವರು ನಗಲಿಲ್ಲ. "ಇದು ನಾನಲ್ಲ ಬಿಡು" ಎಂದು ಪೇಪರು ಎತ್ತಿಕೊಂಡರು.

ಪ್ರೋಗ್ರಾಂನಲ್ಲಿ ದೋಷವಿರಲಿಲ್ಲ. ಪುಸ್ತಕ ಹೇಳಿದ್ದನ್ನೇ ಅದು ಮಾಡಿತ್ತು. ಮಗಳು ಇನ್ನೊಂದು ಸಾಲು ಬರೆದು 'ಕುವೆಂಪು' ಎಂಬ ಸರದಲ್ಲಿ ಎಷ್ಟು ಮಣಿ ಇವೆ ಎಂದು ಕೇಳಿದಳು. ಏಳು ಎಂದಿತು. ಒಂದೊಂದನ್ನೇ ಬಿಡಿಸಿ ತೋರಿಸು ಎಂದರೆ ಕ, ಆಮೇಲೆ ಬರೀ ಕೊಂಬು, ವ, ಬರೀ ಎತ್ವ, ಸೊನ್ನೆ, ಪ, ಮತ್ತೆ ಕೊಂಬು ಎಂದು ಸಾಲಾಗಿ ನಿಲ್ಲಿಸಿತು. ಆಸರೆಯಿಲ್ಲದ ಕೊಂಬು ಪಾಪ ಚುಕ್ಕಿಚುಕ್ಕಿಯ ಒಂದು ಉಂಗುರಕ್ಕೆ ಜೋತುಬಿದ್ದಿತ್ತು. "ಅದೇ ತಾತ, ಇದಕ್ಕೆ 'ಕು' ಒಂದಲ್ಲ, ಎರಡು. ಸೊನ್ನೆಯದನ್ನು ಕೊಡು ಅಂದರೆ ಕ ಮಾತ್ರ ಕೊಡ್ತದೆ" ಎಂದಳು. ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. "ಕುವೆಂಪು ಅಂದ್ರೆ ಮೂರಕ್ಷರ. ಒಂದನೇ ಕ್ಲಾಸಿನ ಹುಡುಗನ್ನ ಕೇಳು, ಬೆರಳು ಮಡಿಚಿ ಹೇಳ್ತಾನೆ. ಇವನು ಹೂವ ಪೋಣಿಸಿಲ್ಲ, ಎಸಳು ಬಿಡಿಸಿ ಪೋಣಿಸವ್ನೆ."

ಯಂತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಜಗತ್ತಿನ ಲಿಪಿಗಳ ಒಂದೊಂದು ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯಿದೆ. 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ನಮಗೆ ಸಿಕ್ಕಿರುವುದು 3200ರಿಂದ 3327ರವರೆಗೆ, ಒಟ್ಟು 128 ಜಾಗ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುತ್ತೇವೆಂದು ಹೊರಟರೆ ಏನಾಗುತ್ತಿತ್ತು ನೋಡಿ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಅದರ ಮೇಲೆ ಒತ್ತು. ಎರಡೇ ವ್ಯಂಜನ ಜೋಡಿಸಿದರೂ 34 ಇಂಟು 34, ಅಂದರೆ 1,156 ಜೋಡಿ. ಆ ಜೋಡಿಗಳಿಗೆ ಮತ್ತೆ ಕಾಗುಣಿತ. ಎಲ್ಲವೂ ಬಳಕೆಯಲ್ಲಿಲ್ಲ ನಿಜ, ಆದರೂ ಸಾವಿರಗಳ ಲೆಕ್ಕ. ಆದ್ದರಿಂದ ಬಿಡಿಭಾಗಗಳಿಗೆ ಮಾತ್ರ ಸಂಖ್ಯೆ ಕೊಟ್ಟು, ಜೋಡಿಸುವ ಕೆಲಸವನ್ನು ತೆರೆಗೆ ಬಿಟ್ಟರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಇದರ ಅನುಭವ ಉಂಟು. 'ಶ್ರೀ' ಎಂಬ ಒಂದಕ್ಷರಕ್ಕೆ ನಾಲ್ಕು ಕೀಲಿ ಒತ್ತಬೇಕು. ಯೂನಿಕೋಡಿನಲ್ಲೂ ಅದಕ್ಕೆ ನಾಲ್ಕು ಸಂಖ್ಯೆ: ಶ, ಹಲಂತ, ರ, ದೀರ್ಘ. ನಾವು ಕಾಗದದ ಮೇಲೆ ಒಂದೆಂದು ಕಾಣುವುದನ್ನು ಅದು ಒಳಗೆ ನಾಲ್ಕಾಗಿ ಇಟ್ಟುಕೊಳ್ಳುತ್ತದೆ.

ಮಾರನೆಯ ದಿನ ಶಾಲೆಗೆ ರಜೆ. ನಾನು ಕೆಲಸದಿಂದ ಬರುವ ಹೊತ್ತಿಗೆ ತಾತ ಮೊಮ್ಮಗಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡಿದ್ದರು. ಅಪ್ಪನದೇ ಪ್ರಶ್ನೆ: "ಅಕ್ಷರ ಎಲ್ಲಿ ಶುರುವಾಗ್ತದೆ ಅನ್ನೋದು ಅದಕ್ಕೆ ಗೊತ್ತು. ಎಲ್ಲಿ ಮುಗೀತದೆ ಅಂತ ಯಾರು ಹೇಳಿಕೊಟ್ಟಿದಾರೆ?"

ಇದನ್ನು ಕೇಳಿದಾಗ ನನಗೆ ಅನ್ನಿಸಿತು, 36 ವರ್ಷ ಅಪ್ಪ ಮಕ್ಕಳಿಗೆ ಕಲಿಸಿದ್ದು ಇದನ್ನೇ ಅಲ್ಲವೇ ಎಂದು. ಒಂದು ಅಕ್ಷರ ಮುಗಿದಿದೆಯೋ ಇಲ್ಲವೋ ಎಂಬುದು ಆ ಅಕ್ಷರ ನೋಡಿದರೆ ಗೊತ್ತಾಗುವುದಿಲ್ಲ, ಮುಂದಿನದನ್ನು ಇಣುಕಿ ನೋಡಬೇಕು. ಮುಂದೆ ಇರುವುದು ಕಾಗುಣಿತದ ಗುರುತಾದರೆ ಅದು ಇದಕ್ಕೇ ಸೇರಿದ್ದು, ಎತ್ತಿಕೋ. ಸೊನ್ನೆ ಅಥವಾ ವಿಸರ್ಗವಾದರೂ ಎತ್ತಿಕೋ. ಹಲಂತವಾದರೆ ಅದನ್ನೂ ಎತ್ತಿಕೋ, ಅದರಾಚೆಯ ವ್ಯಂಜನವನ್ನೂ ಎತ್ತಿಕೋ, ಆಮೇಲೆ ಮತ್ತೆ ಇಣುಕಿ ನೋಡು. ಇವು ಯಾವುದೂ ಅಲ್ಲದಿದ್ದರೆ ಅಕ್ಷರ ಮುಗಿಯಿತು, ನಿಲ್ಲು. ಅಪ್ಪ ಬಾಯಲ್ಲಿ ಹೇಳಿದ್ದನ್ನು ಮಗಳು ಸಂಖ್ಯೆಗೆ ಇಳಿಸಿದಳು. 3262ರಿಂದ 3276ರವರೆಗಿನವು ಕಾಗುಣಿತದ ಗುರುತುಗಳು, 3277 ಹಲಂತ, 3202 ಸೊನ್ನೆ, 3203 ವಿಸರ್ಗ. ಒಂದನೇ ತರಗತಿಯ ಕಾಗುಣಿತ, ಎರಡನೇ ತರಗತಿಯ ಒತ್ತಕ್ಷರ, ಒಟ್ಟು ಒಂಬತ್ತು ಸಾಲಾಯಿತು.

ನಡುವೆ ಒಂದು ವ್ಯಾಜ್ಯವೂ ನಡೆಯಿತು. ಸೊನ್ನೆಯನ್ನು ಅಕ್ಷರದ ಜೊತೆ ಬಿಡಬೇಕೋ ಬೇರೆ ಮಾಡಬೇಕೋ? ಮಗಳು ಬೇರೆ ಎಂದಳು. ಅಪ್ಪ ಸಾಕ್ಷಿ ಕರೆದರು. ನಂಜುಂಡಯ್ಯ ಎಂಬುದು ತೀನಂಶ್ರೀಯಲ್ಲಿ 'ನಂ' ಆಗಿದೆ, 'ನ' ಅಲ್ಲ. ವೆಂಕಟಪ್ಪ ಎಂಬುದು ಕುವೆಂಪುವಿನಲ್ಲಿ 'ವೆಂ' ಆಗಿದೆ. "ಇಬ್ಬರು ದೊಡ್ಡವರು ಸಹಿ ಹಾಕಿ ಹೇಳಿದ್ಮೇಲೆ ನಿಂದೇನಮ್ಮ?" ವ್ಯಾಜ್ಯ ಅಲ್ಲಿಗೆ ಬಗೆಹರಿಯಿತು. ನಮ್ಮ ಸಾಹಿತಿಗಳ ಹೆಸರುಗಳು ಪ್ರೋಗ್ರಾಂ ಪರೀಕ್ಷಿಸುವುದಕ್ಕೆ ಇಷ್ಟು ಅನುಕೂಲವಾಗಿವೆ ಎಂದು ನನಗೆ ಅಂದೇ ತಿಳಿದದ್ದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳು ಅವು.

ಸಂಜೆ ಪಟ್ಟಿಯನ್ನು ಮತ್ತೆ ಓಡಿಸಿದಾಗ ಕುವೆಂಪು, ತರಾಸು, ಪುತಿನ, ತೀನಂಶ್ರೀ, ಅನಕೃ ಎಲ್ಲರೂ ಸರಿಯಾಗಿ ಬಂದು ನಿಂತರು. ಅನಕೃ ಅವರ 'ಕೃ' ಬಂದದ್ದಕ್ಕೆ ಅಪ್ಪ ತೊಡೆ ತಟ್ಟಿದರು. ಡಿವಿಜಿ ಮಾತ್ರ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರಾಗಿ 'ದೇವೆಂಗುಂ' ಎಂದು ಗುಡುಗಿದರು. ಅದಕ್ಕೆ ಯಂತ್ರವನ್ನು ಬೈಯುವ ಹಾಗಿಲ್ಲ. ಅವರು ಹೆಸರನ್ನು ಇಂಗ್ಲಿಷಿನಲ್ಲಿ ಕತ್ತರಿಸಿಕೊಂಡವರು. ಬಿಎಂಶ್ರೀ ಅವರಂತೂ ಎರಡನ್ನು ಇಂಗ್ಲಿಷಿನಲ್ಲಿ, ಒಂದನ್ನು ಕನ್ನಡದಲ್ಲಿ ಇಟ್ಟುಕೊಂಡರು. ನಮ್ಮದೇ ತಾಲ್ಲೂಕಿನ ತಳುಕಿನ ಮನೆಯೊಂದರಲ್ಲಿ ಇನ್ನೂ ಸ್ವಾರಸ್ಯ. ಅಣ್ಣ, ಕುವೆಂಪು ಅವರ ಗುರು, ಟಿ.ಎಸ್. ವೆಂಕಣ್ಣಯ್ಯ. ತಮ್ಮ ತ.ಸು. ಶಾಮರಾಯ. ಇಬ್ಬರಿಗೂ ಅದೇ ಊರು, ಅದೇ ಅಪ್ಪ: ತಳುಕಿನ ಸುಬ್ಬಣ್ಣ. ಅಣ್ಣ ಟಿ.ಎಸ್., ತಮ್ಮ ತ.ಸು. ಒಂದೇ ಹೆಸರನ್ನು ಎಲ್ಲಿ ಕತ್ತರಿಸಬೇಕೆಂಬುದು ಆಯಾ ಮನುಷ್ಯನ ಮನಸ್ಸಿಗೆ ಬಿಟ್ಟದ್ದು. ಅಷ್ಟನ್ನು ಯಾವ ಪ್ರೋಗ್ರಾಂ ಬರೆದು ಹಿಡಿಯುವುದು?

ಪುಸ್ತಕದ ಮುಂದಿನ ಲೆಕ್ಕ ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದದ್ದು. ಕನ್ನಡದಲ್ಲಿ 'ಗದಗ' ಹಳೆಯ ವಿಧಾನದಲ್ಲೇ ಪಾಸಾಯಿತು, ಅದರಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಆದರೆ 'ಕಿಟಕಿ' ಫೇಲು. ತಿರುಗಿಸಿದರೆ ಗುಡಿಸು ಮೊದಲು ಬಂದು ನಿಲ್ಲುತ್ತದೆ. ತೆಲುಗರಿಗೂ ನಮಗೂ ಸಮನಾಗಿ ಸೇರಿದ ತೆನಾಲಿ ರಾಮಕೃಷ್ಣನ 'ವಿಕಟಕವಿ' ಕೂಡ ಫೇಲು. ಅಪ್ಪನ ಒಂಬತ್ತು ಸಾಲು ಹಾಕಿದ ಮೇಲೆ ಇಬ್ಬರೂ ಪಾಸಾದರು. 'ರಾವ್' ಎಂಬ ಪದಕ್ಕೆ ಮಾತ್ರ ಪ್ರೋಗ್ರಾಂ ಕೆಂಪಕ್ಷರದಲ್ಲಿ ಕಿರುಚಿಕೊಂಡು ನಿಂತುಬಿಟ್ಟಿತು. ಹಲಂತದ ಮುಂದಿನ ವ್ಯಂಜನವನ್ನು ಎತ್ತಿಕೋ ಎಂದರೆ ಮುಂದೆ ಏನೂ ಇಲ್ಲವಲ್ಲ! "ಮುಂದೆ ಯಾರೂ ಇಲ್ದಿದ್ರೆ ಅಲ್ಲೇ ನಿಲ್ಲು ಅನ್ನು" ಎಂದು ಅಪ್ಪ ಹತ್ತನೇ ಸಾಲು ಹಾಕಿಸಿದರು.

'ಧರ್ಮ' ಎಂಬ ಪದ ಬಂದಾಗ ಮಗಳು ಕೇಳಿದಳು, "ತಾತ, ಬರೆಯುವಾಗ ರ ಕೊನೆಗೆ ಬರ್ತದೆ, ಕಂಪ್ಯೂಟರ್ ಒಳಗೆ ಮಾತ್ರ ಮ-ಗಿಂತ ಮುಂಚೆ ಇದೆ. ಯಾಕೆ?" ಅರ್ಕಾವತ್ತು ನಮ್ಮ ಕೈಗೆ ಕೊನೆಗೆ ಬರುವುದು ನಿಜ, ಆದರೆ ಬಾಯಿಗೆ ಮೊದಲೇ ಬರುತ್ತದೆ. ಯಂತ್ರ ಇಟ್ಟುಕೊಂಡಿರುವುದು ಬಾಯಿಯ ಕ್ರಮವನ್ನು. ಅಪ್ಪ ಎರಡು ಸಲ 'ಧರ್ಮ, ಧರ್ಮ' ಎಂದು ಹೇಳಿಕೊಂಡು, "ಪರವಾಗಿಲ್ಲ, ಕಿವಿ ಐತೆ ಇದಕ್ಕೆ" ಎಂದರು. ಎರಡು ದಿನದಲ್ಲಿ ಯಂತ್ರದ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು.

ಇಷ್ಟೆಲ್ಲ ಆದ ಮೇಲೆ ಮಗಳು ಇದಕ್ಕೆ ಯೂನಿಕೋಡಿನವರದೇ ನಿಯಮ ಇರಬೇಕಲ್ಲ ಎಂದು ಹುಡುಕಿ ಓದಿದಳು. ಇತ್ತು. ಓದುಗನ ಕಣ್ಣಿಗೆ ಒಂದಾಗಿ ಕಾಣುವ ತುಂಡು ಯಾವುದೆಂದು ಅದರಲ್ಲಿ ಹೇಳಿದೆ. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ, ಹಲಂತದಿಂದ ಸೇರಿದ ಒತ್ತಕ್ಷರವನ್ನು ಒಡೆಯಬಾರದೆಂಬ ಹೊಸ ನಿಯಮವನ್ನು ಆರು ಭಾರತೀಯ ಲಿಪಿಗಳಿಗೆ ಅನ್ವಯಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಂದರೆ ಆ ನಿಯಮದ ಪ್ರಕಾರ ತೆಲುಗಿನ 'ಶ್ರೀ' ಒಂದು, ಕನ್ನಡದ 'ಶ್ರೀ' ಎರಡು. ಒಂದೇ ಹೈದರಾಬಾದಿನಲ್ಲಿ, ಎದುರುಬದುರು ಮನೆಯ ಬಾಗಿಲ ಮೇಲೆ ಬರೆದಿರುವ ಎರಡು ಶ್ರೀಗಳಿಗೆ ಈ ಗತಿ. ಕಾರಣ ಏನೇ ಇರಲಿ, ನಮ್ಮ ಅಕ್ಷರ ಎಷ್ಟು ದೊಡ್ಡದೆಂದು ನಾವೇ ಹೇಳದಿದ್ದರೆ ಬೇರೆಯವರು ತಮಗೆ ತೋಚಿದಲ್ಲಿ ಗೆರೆ ಎಳೆಯುತ್ತಾರೆ. ಫಸ್ಟ್ ನೇಮ್, ಲಾಸ್ಟ್ ನೇಮ್ ಚೌಕಗಳಲ್ಲಿ ಆದದ್ದೂ ಅದೇ.

ಎದುರು ಫ್ಲ್ಯಾಟಿನಲ್ಲಿ ನಿವೃತ್ತ ತೆಲುಗು ಟೀಚರಮ್ಮ ಒಬ್ಬರಿದ್ದಾರೆ. ಅಪ್ಪ ಬಂದರೆ ಅವರಿಗೆ ಮಾತಿಗೆ ಜೊತೆ. ಚಳ್ಳಕೆರೆ ಕಡೆಯವರಿಗೆ ತೆಲುಗು ಹೊಸದೇನಲ್ಲ, ಸಂತೆಯಲ್ಲಿ ಅರ್ಧ ತೆಲುಗೇ. ಆಕೆ ವಿಷಯ ಕೇಳಿ, "ಮಾ ಶ್ರೀಶ್ರೀನಿ ಚೂಪಿಂಚಮ್ಮಾ" ಎಂದರು, ನಮ್ಮ ಶ್ರೀಶ್ರೀಯನ್ನು ತೋರಿಸಮ್ಮ ಎಂದು. ಹಳೆಯ ವಿಧಾನದಲ್ಲಿ ಆ ಕ್ರಾಂತಿಕವಿ 'ಶಶ' ಆಗಿ, ಅಂದರೆ ಮೊಲವಾಗಿ, ಹೊರಗೆ ಬಂದರು. ಹೊಸ ವಿಧಾನಕ್ಕೆ ತೆಲುಗಿನ ಸಂಖ್ಯೆಗಳು ಬೇಕು. ಅವನ್ನು ಹುಡುಕುವಾಗಲೇ ಮಗಳ ಕಣ್ಣಿಗೆ ಬಿದ್ದದ್ದು, ಯೂನಿಕೋಡಿನಲ್ಲಿ ತೆಲುಗಿನ ಜಾಗ 3072ರಿಂದ 3199, ಅದರ ಪಕ್ಕದ ಮನೆಯೇ 3200ರ ಕನ್ನಡ. ಕನ್ನಡದ ಕ 3221, ತೆಲುಗಿನ ಕ 3093. ವ್ಯತ್ಯಾಸ 128. ಖ ನೋಡಿದರೂ 128. ಕೊಂಬು, ದೀರ್ಘ, ಹಲಂತ, ಎಲ್ಲಕ್ಕೂ 128.

ಅಪ್ಪ ಊರಿನಿಂದ ಮೊಮ್ಮಗಳಿಗೆ ವಾರಕ್ಕೆ ಒಂದೆರಡು ಸಂದೇಶ ಕಳಿಸುತ್ತಿದ್ದರು, ಕನ್ನಡದಲ್ಲೇ. ಅವಳಿಗೆ ಓದಲು ಬರುತ್ತಿರಲಿಲ್ಲ. ಸಂಜೆ ನಾನು ಬಂದ ಮೇಲೆ ಓದಿ ಹೇಳುತ್ತಿದ್ದೆ. ಕೆಲವು ದಿನ ತಡವಾಗಿ ಬರುತ್ತಿದ್ದೆ, ಕೆಲವು ಸಂದೇಶ ಹಾಗೇ ಉಳಿದವು. ಆ ರಾತ್ರಿ ಅವಳು ಎರಡು ಸಾಲು ಬರೆದಳು. ಸಂಖ್ಯೆ 3200ರಿಂದ 3327ರ ಒಳಗಿದ್ದರೆ 128 ಕಳೆ, ಇಲ್ಲವಾದರೆ ಮುಟ್ಟಬೇಡ. ಆಮೇಲೆ ತಾತನ ಹಳೆಯ ಸಂದೇಶಗಳನ್ನೆಲ್ಲ ಅದಕ್ಕೆ ಸುರಿದಳು. ಕನ್ನಡ ಮಾತು ತೆಲುಗು ಅಕ್ಷರ ಉಟ್ಟುಕೊಂಡು ಬಂತು. ಅವಳು ಒಬ್ಬಳೇ ಕೂತು ಗಟ್ಟಿಯಾಗಿ ಓದತೊಡಗಿದಳು. ಊರಲ್ಲಿ ಮಳೆ ಬಂತು. ಕೆರೆಗೆ ಮೊಣಕಾಲುದ್ದ ನೀರು ಬಂದಿದೆ. ನಿಮ್ಮಜ್ಜಿ ನೆಟ್ಟ ಕರಿಬೇವು ಚಿಗುರಿದೆ, ಬಂದಾಗ ತೋರಿಸುತ್ತೇನೆ. ಕರಿಬೇವಿನ ಸಂದೇಶ ನಾನು ಓದಿ ಹೇಳದೆ ಉಳಿದವುಗಳಲ್ಲಿ ಒಂದು. ಒಳಕೋಣೆಯಲ್ಲಿ ಮಲಗಿದ್ದ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದರು. ತಾವು ಬರೆದದ್ದನ್ನು ಆ ಹುಡುಗಿಯ ಬಾಯಲ್ಲಿ ಅವರು ಕೇಳಿದ್ದು ಅದೇ ಮೊದಲು.

ಬೆಳಗ್ಗೆ ಮಾತ್ರ ಮೇಷ್ಟ್ರ ಬುದ್ಧಿ ಎದ್ದಿತು. "ಎಲ್ಲಾ ತೆಲುಗಿಗೆ ತಿರುಗಿಸ್ಕೊಂಡು ಓದ್ತಾ ಹೋದ್ರೆ ಕನ್ನಡ ಅಕ್ಷರ ಕಲಿಯೋದು ಯಾವಾಗ? ಕರೆಂಟ್ ಹೋದ್ರೆ ಏನ್ ಮಾಡ್ತೀ?" ಮಗಳಿಗೂ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಮಾಡಿದರೂ ತಾತನಿಗೆ ತೃಪ್ತಿಯಿಲ್ಲ ಎಂದು. ಅರ್ಧ ದಿನ ಇಬ್ಬರೂ ಮಾತಾಡಲಿಲ್ಲ. ಮಧ್ಯಾಹ್ನ ಅವಳೇ ಒಂದು ಹಾಳೆ ತೆಗೆದುಕೊಂಡು ಹೋದಳು. ಒಂದು ಸಾಲು ಕನ್ನಡ, ಕೆಳಗೆ ಅದೇ ಸಾಲು ತೆಲುಗು ಲಿಪಿಯಲ್ಲಿ ಅಚ್ಚು ಹಾಕಿಸಿದ್ದಳು. ಅಪ್ಪ ಪೆನ್ನು ಹಿಡಿದು ಕೂತರು. ಅ, ಗ, ಮ ಹೆಚ್ಚು ಕಡಿಮೆ ಅವೇ. ಕ, ತ, ನ, ಚ ಬೇರೆ. ನಮ್ಮ ತಲೆಕಟ್ಟು ಬಾಗಿದ ಗೆರೆ, ಅವರದ್ದು ಸರಿ ಉತ್ತರಕ್ಕೆ ಮೇಷ್ಟ್ರು ಹಾಕುವ ರೈಟ್ ಮಾರ್ಕಿನ ಹಾಗೆ. "ತೆಲುಗರಿಗೆ ಎಲ್ಲದಕ್ಕೂ ರೈಟು ಬಿದ್ದೈತೆ ನೋಡು" ಎಂದು ಅಪ್ಪ ಹೇಳಿದ ಮೇಲೆ ಅವಳ ಮುಖ ಸಡಿಲವಾಯಿತು. ಸಂಕ್ರಾಂತಿಯ ಹೊತ್ತಿಗೆ ಮೇಲಿನ ಸಾಲನ್ನು ತಡವರಿಸುತ್ತ ಓದುತ್ತಿದ್ದಳು, ಎಡವಿದ ಕಡೆ ಮಾತ್ರ ಕೆಳಗೆ ನೋಡುತ್ತಿದ್ದಳು.

ಅಪ್ಪ ಹೊರಡುವ ಹಿಂದಿನ ದಿನ ಅವಳು ಪಟ್ಟಿಯಲ್ಲಿ ತನ್ನ ಹೆಸರು ಸೇರಿಸಲು ಕೂತು, ಕೈ ತಡೆದು ಕೇಳಿದಳು, "ತಾತ, ನನ್ನ ಊರು ಯಾವುದು ಅಂತ ಹಾಕಲಿ? ಹುಟ್ಟಿದ್ದು ಇಲ್ಲಿ." ಇಲ್ಲಿಯದನ್ನು ಹಾಕಿದರೆ, ನನ್ನ ಹೆಸರಿನ 'ರಾ' ಸೇರಿ 'ಹೈರಾ' ಆಗುತ್ತದೆ. "ಹೈರಾಣಾದಂಗೆ ಕೇಳ್ತದಲ್ಲೇ" ಎಂದರು ಅಪ್ಪ. ದೊಡ್ಡೇರಿ ಹಾಕಿದರೆ 'ದೊರಾ'. ತೆಲುಗಿನಲ್ಲಿ ದೊಡ್ಡ ಮನುಷ್ಯರನ್ನು ಕೂಗುವುದೇ ಹಾಗೆ. ಎದುರುಮನೆ ಟೀಚರಮ್ಮ ಬಿದ್ದು ಬಿದ್ದು ನಕ್ಕರು.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಹುಟ್ಟಿದ ಊರೇ ಹಾಕ್ಬೇಕು ಅಂತೇನಿಲ್ಲ. ಡಿವಿಜಿ ಹುಟ್ಟಿದ್ದು ಮುಳಬಾಗಿಲು, ಹೆಸರಲ್ಲಿ ದೇವನಹಳ್ಳಿ. ಕುವೆಂಪು ಹುಟ್ಟಿದ್ದು ತಾಯಿ ಊರು ಹಿರೇಕೊಡಿಗೆ, ಹೆಸರಲ್ಲಿ ಕುಪ್ಪಳಿ. ಎಲ್ಲಿಂದ ಬಂದೆ ಅಂತ ಯಾರಾದ್ರೂ ಕೇಳಿದ್ರೆ ನಿನ್ನ ಬಾಯಿಗೆ ಯಾವುದು ಮೊದಲು ಬರ್ತದೋ ಅದನ್ನ ಹಾಕು." ಅವಳ ಬಾಯಿಗೆ ಯಾವುದು ಮೊದಲು ಬರುತ್ತದೆಂದು ನಾನು ಕೇಳಲಿಲ್ಲ. ನನಗೇ ಇಪ್ಪತ್ತು ವರ್ಷದ ಮೇಲೆ ಯಾವುದು ಬರುತ್ತದೆಂದು ಹೇಳುವುದು ಸುಲಭವಿರಲಿಲ್ಲ.

ಅಪ್ಪ ಊರಿಗೆ ಹೋಗಿ ಹದಿನೈದು ದಿನಕ್ಕೆ ಮಗಳು ತಾನಾಗಿ ಒಂದು ಸಂದೇಶ ಬರೆದಳು, ಕನ್ನಡ ಅಕ್ಷರದಲ್ಲಿ, 128 ಕೂಡದೆ ಕಳೆಯದೆ. ಬೇಸಿಗೆ ರಜೆಗೆ ಬರುತ್ತೇನೆ, ಕರಿಬೇವು ನೋಡಬೇಕು, ಕೆರೇಗೆ ಕರೆದುಕೊಂಡು ಹೋಗಿ ಎಂದು. ಕೊನೆಗೆ ಹೆಸರಿನ ಮುಂದೆ ಎರಡಲ್ಲ, ಮೂರಕ್ಷರ ಇಟ್ಟಿದ್ದಳು: ದೊ.ಹೈ.ರಾ.

ರಾತ್ರಿ ಅಪ್ಪನ ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು.

"ಓದಿದೆ ಕಣಮ್ಮ. 'ಕೆರೆಗೆ' ಅನ್ನೋದ್ರಲ್ಲಿ ರೆ ಹ್ರಸ್ವ, ನೀನು ದೀರ್ಘ ಕೊಟ್ಟಿದೀಯ. ತಿದ್ದಿ ಇನ್ನೊಂದ್ಸಲ ಕಳಿಸು."

"ಆಯ್ತು ತಾತ. ಹೆಸರು?"

"ಹೆಸರಲ್ಲಿ ತಪ್ಪೇನಿಲ್ಲ."